ಎಂದೂ ತುಂಬದ ಬ್ಯಾಟರಿ: ಎರಡನೆಯ ರಾತ್ರಿಗೇ ಕೈಕೊಟ್ಟ ಕ್ಯಾಂಪರ್ ವಾಹನವೊಂದರ ಪ್ರಕರಣ ಅಧ್ಯಯನ

ನಾಲ್ಕು ರಾತ್ರಿ ತಂಗುವ ಲೆಕ್ಕ ಹಾಕಿಕೊಂಡು ಕಾಡಿನಂಚಿನ ಬಯಲಿಗೆ ಹೋಗಿದ್ದ ಕ್ಯಾಂಪರ್ ವಾಹನವೊಂದರಲ್ಲಿ (ಒಳಗೇ ತಂಗಲು ಸಜ್ಜುಗೊಳಿಸಿದ ವಾಹನ), ಎರಡನೆಯ ರಾತ್ರಿ ಮೂರು ಗಂಟೆಯ ಸುಮಾರಿಗೆ ಫ್ರಿಜ್ ನಿಂತುಹೋಯಿತು. ನೀರಿನ ಪಂಪು ಒಮ್ಮೆ ನರಳಿದಂತೆ ಸದ್ದು ಮಾಡಿ ಸುಮ್ಮನಾಯಿತು. ಹತ್ತಿರದಲ್ಲೆಲ್ಲೂ ವಿದ್ಯುತ್ ಸಂಪರ್ಕ ಇರಲಿಲ್ಲ. ಇರಬಾರದೆಂದೇ ಆ ಜಾಗವನ್ನು ಆರಿಸಿಕೊಳ್ಳಲಾಗಿತ್ತು. ಬೆಳಗಾದ ಮೇಲೆ ಒಂದು ಗಂಟೆ ಎಂಜಿನ್ ಓಡಿಸಿದ್ದರಿಂದ ಫ್ರಿಜ್ ಮತ್ತೆ ಚಾಲೂ ಆಯಿತಾದರೂ ಸಂಜೆಯ ಹೊತ್ತಿಗೆ ಪುನಃ ನಿಂತಿತು. ವಾಹನದ ಮಾಲೀಕರಾದ ನನ್ನ ಹಿರಿಯ ಸ್ನೇಹಿತರೂ ಅವರ ಪತ್ನಿಯೂ ಕತ್ತಲಾಗುವ ಮೊದಲೇ ಎಲ್ಲವನ್ನೂ ಕಟ್ಟಿಕೊಂಡು ಹಿಂದಿರುಗಿದರು.

ಮರುದಿನ ಅವರು ನನ್ನನ್ನು ಕೇಳಿದ ಪ್ರಶ್ನೆ ಒಂದೇ: ಈಗಿರುವ ಎರಡು ಬ್ಯಾಟರಿಗಳ ಜೊತೆಗೆ ಮೂರನೆಯದೊಂದನ್ನು ಜೋಡಿಸಿದರೆ ಸಾಕೇ? ಸಾಲದು ಎಂದು ನನಗೆ ಆಗಲೇ ಅನ್ನಿಸಿತ್ತು. ಆದರೆ ಹಾಗೆ ಹೇಳಲು ಅಳತೆಗಳ ಆಧಾರ ಬೇಕಿತ್ತು. ಮುಂದಿನ ಎರಡು ತಿಂಗಳಲ್ಲಿ ಆ ವಾಹನದ ವಿದ್ಯುತ್ ವ್ಯವಸ್ಥೆಯನ್ನು ಒಂದೊಂದೇ ತುಂಡಾಗಿ ಅಳೆದು, ಸರಿಪಡಿಸಿ, ಅದೇ ಬಯಲಿಗೆ ಮತ್ತೆ ಹೋಗಿ ಪರೀಕ್ಷಿಸಿದ ವಿವರ ಇಲ್ಲಿದೆ. ಬ್ಯಾಟರಿ ಬೇಗ ಖಾಲಿಯಾಯಿತು ಎಂಬುದು ಅವರ ದೂರಾಗಿತ್ತು. ಆ ಬ್ಯಾಟರಿ ಎರಡು ವರ್ಷಗಳಿಂದ ಒಮ್ಮೆಯೂ ಪೂರ್ತಿ ತುಂಬಿಯೇ ಇರಲಿಲ್ಲ ಎಂಬುದು ಪರೀಕ್ಷೆಯಿಂದ ತಿಳಿದುಬಂದ ಸಂಗತಿ.

ವಾಹನದಲ್ಲಿ ಇದ್ದದ್ದು

ವಾಸದ ಭಾಗಕ್ಕೆ ತಲಾ 100 ಆಂಪಿಯರ್-ಗಂಟೆಯ (ಒಂದು ಆಂಪಿಯರ್ ಪ್ರವಾಹ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಗಂಟೆ), ಎಜಿಎಂ ಬಗೆಯ (ಆಮ್ಲವನ್ನು ಗಾಜಿನ ನಾರಿನ ಪದರದಲ್ಲಿ ಹೀರಿಟ್ಟ, ಮುಚ್ಚಿದ) ಎರಡು ಸೀಸ-ಆಮ್ಲ ಬ್ಯಾಟರಿಗಳನ್ನು ಸಮಾನಾಂತರವಾಗಿ, ಅಂದರೆ ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಿ, ಜೋಡಿಸಲಾಗಿತ್ತು. ಎಂಜಿನ್ ಚಾಲೂ ಮಾಡುವ ಬ್ಯಾಟರಿ ಪ್ರತ್ಯೇಕವಾಗಿತ್ತು. ಆ ಒಂದು ವಿವೇಕದಿಂದಾಗಿ ಅವರು ಅಲ್ಲಿಂದ ಹೊರಟು ಬರುವುದಾದರೂ ಸಾಧ್ಯವಾಯಿತು. ಚಾವಣಿಯ ಮೇಲೆ ತಲಾ 100 ವ್ಯಾಟ್‌ನ ಎರಡು ಸೌರಫಲಕಗಳು ಮಟ್ಟಸವಾಗಿ ಮಲಗಿದ್ದವು, ಅವುಗಳಿಂದ ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡಲು ಪಿಡಬ್ಲ್ಯೂಎಂ ಬಗೆಯ ಸಾಧಾರಣ ಚಾರ್ಜ್ ಕಂಟ್ರೋಲರ್ ಇತ್ತು. ವಾಹನ ಓಡುವಾಗ ಎಂಜಿನ್ ತಿರುಗಿಸುವ ವಿದ್ಯುಜ್ಜನಕವಾದ ಆಲ್ಟರ್ನೇಟರ್‌ನಿಂದ ಒಂದು ರಿಲೇ (ವಿದ್ಯುತ್ತಿನಿಂದಲೇ ಹಾಕಿ ತೆಗೆಯುವ ಸ್ವಿಚ್ಚು) ಮೂಲಕ ವಾಸದ ಬ್ಯಾಟರಿಗಳಿಗೂ ವಿದ್ಯುತ್ ಹರಿಯುವಂತೆ ಮಾಡಲಾಗಿತ್ತು. ಖರ್ಚಿನ ಕಡೆ ಕಂಪ್ರೆಸರ್ ಫ್ರಿಜ್, ಎಲ್‌ಇಡಿ ದೀಪಗಳು, ಚಾವಣಿಯ ಫ್ಯಾನ್, ನೀರಿನ ಪಂಪು, ಅಡುಗೆ ಅನಿಲ ಸೋರಿದರೆ ಎಚ್ಚರಿಸುವ ಅಲಾರಂ, ಎರಡು ಫೋನು, ಒಂದು ಲ್ಯಾಪ್‌ಟಾಪ್ ಮತ್ತು ಅದಕ್ಕೆಂದೇ ಇಟ್ಟಿದ್ದ 1000 ವ್ಯಾಟ್‌ನ ಇನ್ವರ್ಟರ್ ಇದ್ದವು.

ಸ್ನೇಹಿತರ ಲೆಕ್ಕ ಕಾಗದದ ಮೇಲೆ ಚೊಕ್ಕವಾಗಿತ್ತು. ಇನ್ನೂರು ವ್ಯಾಟ್‌ನ ಫಲಕಗಳು ದಿನಕ್ಕೆ ಐದು ಗಂಟೆ ಪೂರ್ಣ ಬಿಸಿಲು ಕಂಡರೆ 1000 ವ್ಯಾಟ್-ಗಂಟೆ ಸಿಗುತ್ತದೆ, ಅದನ್ನು 12 ವೋಲ್ಟ್‌ನಿಂದ ಭಾಗಿಸಿದರೆ 83 ಆಂಪಿಯರ್-ಗಂಟೆ ಜಮೆ. ದಿನದ ಖರ್ಚು ಸುಮಾರು 59. ಹಾಗಾಗಿ ಬ್ಯಾಟರಿಯನ್ನು ಮುಟ್ಟದೆಯೇ ದಿನಕ್ಕೆ 24 ಆಂಪಿಯರ್-ಗಂಟೆ ಮಿಗಬೇಕು. ಈ ಲೆಕ್ಕದಲ್ಲಿ ಗುಣಾಕಾರ, ಭಾಗಾಕಾರ ಎರಡೂ ಸರಿಯಾಗಿವೆ. ಆದರೆ ಲೆಕ್ಕಕ್ಕೆ ತೆಗೆದುಕೊಂಡ ಒಂದೊಂದು ಅಂಕಿಯೂ ಅಂಟುಚೀಟಿಯಿಂದ ಬಂದದ್ದು, ಮೀಟರ್‌ನಿಂದ ಬಂದದ್ದಲ್ಲ.

ನೋಟ್‌ಪುಸ್ತಕದ ಒಂದು ಪುಟ

ಪ್ರಕರಣವನ್ನು ಬಿಡಿಸಲು ಹೆಚ್ಚು ನೆರವಾದದ್ದು ಸ್ನೇಹಿತರ ಪತ್ನಿ ಬರೆದಿಟ್ಟಿದ್ದ ಒಂದು ಪುಟ. ಗೋಡೆಯ ಮೇಲಿನ ಪುಟ್ಟ ವೋಲ್ಟ್‌ಮೀಟರನ್ನು ಆಗಾಗ ನೋಡಿ, ಹೊತ್ತಿನ ಸಮೇತ ಅವರು ಗುರುತು ಹಾಕಿಕೊಂಡಿದ್ದರು. ಬಂದಿಳಿದ ಮಧ್ಯಾಹ್ನ 12.9 ವೋಲ್ಟ್. ಅಂದು ರಾತ್ರಿ ಒಂಬತ್ತಕ್ಕೆ 12.3. ಮರುದಿನ ಬೆಳಗ್ಗೆ ಆರಕ್ಕೆ 11.8. ಅದೇ ಸಂಜೆ ನಾಲ್ಕಕ್ಕೆ 12.5. ರಾತ್ರಿ ಹತ್ತಕ್ಕೆ 11.9. ಅದರ ಕೆಳಗೆ, ‘3 ಗಂಟೆ, ಫ್ರಿಜ್ ನಿಂತಿತು’.

ಆ ಪುಟದಲ್ಲಿ ಎರಡು ಕಡೆ ವೋಲ್ಟ್‌ಮೀಟರ್ ಅವರನ್ನು ದಾರಿ ತಪ್ಪಿಸಿದೆ. ಎಜಿಎಂ ಬ್ಯಾಟರಿ ಪೂರ್ತಿ ತುಂಬಿ, ಕೆಲವು ಗಂಟೆಗಳ ಕಾಲ ಚಾರ್ಜೂ ಲೋಡೂ (ವಿದ್ಯುತ್ ಎಳೆಯುವ ಉಪಕರಣಗಳ ಹೊರೆ) ಇಲ್ಲದೆ ವಿಶ್ರಾಂತಿಯಲ್ಲಿದ್ದರೆ ಸುಮಾರು 12.8 ವೋಲ್ಟ್ ತೋರಿಸುತ್ತದೆ, ಅರ್ಧಕ್ಕೆ ಇಳಿದಾಗ 12.2ರ ಆಸುಪಾಸಿಗೆ ಬರುತ್ತದೆ, 11.8 ಎಂದರೆ ಬಹುತೇಕ ಬರಿದಾಗಿದೆ ಎಂದರ್ಥ. ಈ ಅಂಕಿಗಳೆಲ್ಲ ವಿಶ್ರಾಂತಿಯ ಸ್ಥಿತಿಗೆ ಮಾತ್ರ ಸಲ್ಲುತ್ತವೆ. ಮೂರು ಗಂಟೆ ವಾಹನ ಓಡಿಸಿ ಬಂದು ಎಂಜಿನ್ ನಿಲ್ಲಿಸಿದ ಕೂಡಲೇ ನೋಡಿದರೆ, ಈಗಷ್ಟೇ ಚಾರ್ಜ್ ಆಗಿರುವ ತಟ್ಟೆಗಳ ಮೇಲ್ಪದರದಿಂದಾಗಿ ವೋಲ್ಟೇಜ್ ಉಬ್ಬಿ ಕಾಣುತ್ತದೆ. ಒಳಗೆ ಮುಕ್ಕಾಲು ಭಾಗ ಮಾತ್ರ ತುಂಬಿದ್ದರೂ 12.9 ಎನ್ನುತ್ತದೆ. ಸಂಜೆ ನಾಲ್ಕರ 12.5 ಕೂಡ ಅಂಥದ್ದೇ, ಆಗ ಫಲಕಗಳಿಂದ ಇನ್ನೂ ವಿದ್ಯುತ್ ಹರಿದುಬರುತ್ತಿತ್ತು. ಪುಟದಲ್ಲಿ ನಂಬಬಹುದಾದ ಅಂಕಿ ಬೆಳಗ್ಗೆ ಆರರದು. ಆ ಹೊತ್ತಿಗೆ ಬಿಸಿಲಿಲ್ಲ, ಮೇಲ್ಪದರದ ಉಬ್ಬು ರಾತ್ರಿಯೆಲ್ಲ ಕರಗಿಹೋಗಿದೆ, ಲೋಡೂ ಕಡಿಮೆ. ಅದು 11.8 ಎಂದಾಗಲೇ, ಅಂದರೆ ಮೊದಲ ರಾತ್ರಿ ಕಳೆಯುವಷ್ಟರಲ್ಲೇ, ಪರಿಸ್ಥಿತಿ ಕೈಮೀರಿತ್ತು. ಫ್ರಿಜ್ ನಿಂತ ಗಳಿಗೆ ಅದರ ಫಲ ಮಾತ್ರ.

ಖರ್ಚು

ತಂತಿಯನ್ನು ಕಚ್ಚಿಹಿಡಿದು ಪ್ರವಾಹ ಅಳೆಯುವ ಕ್ಲಾಂಪ್ ಮೀಟರ್ ಹಿಡಿದು ಒಂದೊಂದು ಉಪಕರಣವನ್ನೂ ಅಳೆದೆವು. ಫ್ರಿಜ್‌ನ ಕಂಪ್ರೆಸರ್ ಓಡುವಾಗ 4 ಆಂಪಿಯರ್ ಎಳೆಯುತ್ತಿತ್ತು, ಅದು ಅಂಟುಚೀಟಿಗೆ ಹತ್ತಿರವೇ ಇತ್ತು. ಆದರೆ ಅದು ದಿನದ ಮೂರನೆಯ ಒಂದು ಭಾಗದಷ್ಟು ಹೊತ್ತು ಓಡುತ್ತದೆ ಎಂದು ಸ್ನೇಹಿತರು ಊಹಿಸಿದ್ದರು. ಗಡಿಯಾರ ಹಿಡಿದು ನೋಡಿದರೆ ಬಿಸಿಲಿನ ದಿನ ಅರ್ಧ ಹೊತ್ತು ಓಡುತ್ತಿತ್ತು. ಅಲ್ಲಿಗೆ 48 ಆಂಪಿಯರ್-ಗಂಟೆ. ದೀಪಕ್ಕೆ 4, ಫ್ಯಾನಿಗೆ 8, ಫೋನುಗಳಿಗೆ 3, ಅಲಾರಂ ಮತ್ತು ರೇಡಿಯೊದ ಗಡಿಯಾರಕ್ಕೆ 3, ಲ್ಯಾಪ್‌ಟಾಪಿಗೆ 12. ನೀರಿನ ಪಂಪು 6 ಆಂಪಿಯರ್ ಎಳೆದು ಹೆದರಿಸಿದರೂ ದಿನವಿಡೀ ಸೇರಿ ಓಡುವುದು ಕಾಲು ಗಂಟೆ, ಅಂದರೆ ಒಂದೂವರೆ ಆಂಪಿಯರ್-ಗಂಟೆ. ಯಾರೂ ಲೆಕ್ಕಕ್ಕೇ ಹಿಡಿಯದಿದ್ದದ್ದು ಇನ್ವರ್ಟರ್. ಲ್ಯಾಪ್‌ಟಾಪ್ ಮೂರು ಗಂಟೆ ಬಳಕೆಯಾದರೆ ಇನ್ವರ್ಟರ್‌ನ ಗುಂಡಿ ಇಪ್ಪತ್ತನಾಲ್ಕು ಗಂಟೆಯೂ ಒತ್ತಿದಂತೆಯೇ ಇತ್ತು. ಏನೂ ಜೋಡಿಸದೆ ಸುಮ್ಮನೆ ಕುಳಿತಾಗಲೂ ಅದು 0.8 ಆಂಪಿಯರ್ ಕುಡಿಯುತ್ತಿತ್ತು. ಉಳಿದ 21 ಗಂಟೆಗೆ ಅದು 17 ಆಂಪಿಯರ್-ಗಂಟೆಯಾಗುತ್ತದೆ, ದೀಪ, ಫ್ಯಾನು, ಫೋನು ಮೂರೂ ಸೇರಿದರೂ ಅಷ್ಟಾಗುವುದಿಲ್ಲ.

ಒಟ್ಟು 96ಕ್ಕೂ ಮೇಲೆ. ಊಹೆಗಿಂತ ಒಂದೂವರೆ ಪಟ್ಟಿಗೂ ಹೆಚ್ಚು.

ಜಮೆ ಎಲ್ಲಿ ಸೋರಿತು

ಖರ್ಚಿನ ತಪ್ಪು ಸರಳವಾದದ್ದು, ಒಂದು ಮಧ್ಯಾಹ್ನದಲ್ಲಿ ಹಿಡಿದುಬಿಡಬಹುದು. ಜಮೆಯ ಕಡೆಯ ತಪ್ಪುಗಳು ಒಂದರ ಹಿಂದೆ ಒಂದು ಅಡಗಿದ್ದವು.

ಫಲಕದ ಮೇಲೆ ಬರೆದ 100 ವ್ಯಾಟ್ ಎಂಬುದು, ಚದರ ಮೀಟರಿಗೆ 1000 ವ್ಯಾಟ್ ಬೆಳಕು ನೇರವಾಗಿ ಬಿದ್ದು, ಕೋಶಗಳ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಪ್ರಯೋಗಾಲಯದಲ್ಲಿ ಸಿಗುವ ಅಂಕಿ. ಅಂಥ ಫಲಕದಲ್ಲಿ 36 ಕೋಶಗಳು ಸರಣಿಯಲ್ಲಿ, ಅಂದರೆ ಒಂದರ ಧನಕ್ಕೆ ಮುಂದಿನದರ ಋಣ ಸೇರಿದಂತೆ, ಇದ್ದು, ಸುಮಾರು 18 ವೋಲ್ಟ್‌ನಲ್ಲಿ ಐದೂವರೆ ಆಂಪಿಯರ್ ಕೊಡುತ್ತವೆ. ಪಿಡಬ್ಲ್ಯೂಎಂ ಕಂಟ್ರೋಲರ್ ಮಾಡುವುದು ಫಲಕವನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿ ಬಿಡಿಸುವ ಕೆಲಸ ಮಾತ್ರ. ಆದ್ದರಿಂದ ಫಲಕ 18 ವೋಲ್ಟ್‌ನ ಬದಲು ಬ್ಯಾಟರಿಯ 13 ವೋಲ್ಟ್‌ಗೆ ಬಗ್ಗಿ ಕೆಲಸ ಮಾಡುತ್ತದೆ, ಪ್ರವಾಹ ಮಾತ್ರ ಅದೇ ಐದೂವರೆ ಆಂಪಿಯರ್. ನೂರು ವ್ಯಾಟ್ ಅಲ್ಲಿಯೇ ಎಪ್ಪತ್ತೆರಡಾಗುತ್ತದೆ. ಎರಡು ಫಲಕಗಳಿಂದ ಐದು ಗಂಟೆಯ ಪೂರ್ಣ ಬಿಸಿಲಿಗೆ ಹೆಚ್ಚೆಂದರೆ 55 ಆಂಪಿಯರ್-ಗಂಟೆ ಬರಬಹುದಿತ್ತೇ ಹೊರತು 83 ಎಂದೂ ಬರುವಂತಿರಲಿಲ್ಲ.

ಬಯಲಿನಲ್ಲಿ ಅಷ್ಟೂ ಬರಲಿಲ್ಲ, ಏಕೆಂದರೆ ವಾಹನವನ್ನು ಮರದ ಬುಡದಲ್ಲಿ ನಿಲ್ಲಿಸಲಾಗಿತ್ತು. ಬಿಸಿಲಿನಲ್ಲಿ ನಿಲ್ಲಿಸಿದರೆ ಒಳಗೆ ಕುದಿಯುತ್ತದೆ, ಫ್ರಿಜ್ ಇನ್ನಷ್ಟು ಹೊತ್ತು ಓಡುತ್ತದೆ. ನೆರಳಿನಲ್ಲಿ ನಿಲ್ಲಿಸಿದರೆ ಫಲಕ ಸಾಯುತ್ತದೆ. ನೆರಳಿನ ಪರಿಣಾಮ ಅದು ಮುಚ್ಚಿದ ವಿಸ್ತೀರ್ಣಕ್ಕೆ ತಕ್ಕಷ್ಟಿರುತ್ತದೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ನಾನು ಅಳೆದಾಗ ಒಂದು ಟೊಂಗೆಯ ನೆರಳು ಫಲಕದ ಒಂದು ಮೂಲೆಗೆ ಬಂದ ಕೂಡಲೇ ಪ್ರವಾಹ 5.1 ಆಂಪಿಯರ್‌ನಿಂದ 1.4ಕ್ಕೆ ಕುಸಿಯಿತು. ಕೋಶಗಳು ಸರಣಿಯಲ್ಲಿರುವುದರಿಂದ ಮಸುಕಾದ ಕೋಶವೊಂದು ಉಳಿದೆಲ್ಲ ಕೋಶಗಳ ಪ್ರವಾಹವನ್ನು ತಡೆಹಿಡಿಯುತ್ತದೆ. ಇದಕ್ಕೆಂದೇ ಫಲಕದ ಹಿಂದೆ ಬೈಪಾಸ್ ಡಯೋಡುಗಳಿರುತ್ತವೆ, ನೆರಳು ಬಿದ್ದ ಅರ್ಧವನ್ನು ಬಿಟ್ಟು ಪ್ರವಾಹಕ್ಕೆ ಸುತ್ತುದಾರಿ ಕೊಟ್ಟು ಉಳಿದರ್ಧವನ್ನು ದುಡಿಸುವುದು ಅವುಗಳ ಕೆಲಸ. ಆದರೆ ಉಳಿದ ಅರ್ಧ ಫಲಕ ಕೊಡುವುದು 9 ವೋಲ್ಟ್, ಅದರಿಂದ 12 ವೋಲ್ಟ್‌ನ ಬ್ಯಾಟರಿಗೆ ಒಂದು ಹನಿಯೂ ಹರಿಯದು. ಸಮಾನಾಂತರವಾಗಿ ಜೋಡಿಸಿದ, 12 ವೋಲ್ಟ್‌ನ ಬ್ಯಾಟರಿಗೆಂದು ಮಾಡಿದ ಫಲಕಗಳಿಗೆ ಪಿಡಬ್ಲ್ಯೂಎಂ ಕಂಟ್ರೋಲರ್ ಹಾಕಿದಲ್ಲಿ ಬೈಪಾಸ್ ಡಯೋಡು ಇದ್ದೂ ಇಲ್ಲದಂತೆ. ಮಧ್ಯಾಹ್ನ ಒಂದರ ನಂತರ ಎರಡೂ ಫಲಕಗಳ ಮೇಲೆ ಎಲೆಗಳ ನೆರಳು ಹರಡುತ್ತಿದ್ದ ಆ ಜಾಗದಲ್ಲಿ ದಿನಕ್ಕೆ ಸಿಕ್ಕಿದ್ದು 28 ಆಂಪಿಯರ್-ಗಂಟೆ.

ತೊಂಬತ್ತಾರು ಖರ್ಚು, ಇಪ್ಪತ್ತೆಂಟು ಜಮೆ. ದಿನಕ್ಕೆ 68ರ ಕೊರತೆ. ಹಾಗಿದ್ದರೂ 200 ಆಂಪಿಯರ್-ಗಂಟೆಯ ಬ್ಯಾಟರಿ ತುಂಬಿಕೊಂಡು ಬಂದಿದ್ದರೆ ಎರಡನೆಯ ರಾತ್ರಿ ದಾಟಬೇಕಿತ್ತು. ಅದು ದಾಟಲಿಲ್ಲ ಎಂಬುದೇ ಬ್ಯಾಟರಿಯ ಒಳಗನ್ನು ನೋಡಲೇಬೇಕೆಂಬ ಸೂಚನೆಯಾಗಿತ್ತು.

ಎರಡು ಬ್ಯಾಟರಿಗಳನ್ನೂ ಬೇರ್ಪಡಿಸಿ, ಮನೆಯ ವಿದ್ಯುತ್ತಿನಿಂದ ಪೂರ್ತಿ ತುಂಬಿಸಿ, ಒಂದು ರಾತ್ರಿ ಹಾಗೆಯೇ ಬಿಟ್ಟು, ಮರುದಿನ ಒಂದೊಂದಕ್ಕೂ 5 ಆಂಪಿಯರ್ ಎಳೆಯುವ ಬಲ್ಬುಗಳ ಲೋಡ್ ಹಾಕಿದೆವು. ಬ್ಯಾಟರಿಯ ಮೇಲಿನ 100 ಎಂಬ ಅಂಕಿ ಸಾಮಾನ್ಯವಾಗಿ ಇಪ್ಪತ್ತು ಗಂಟೆಯ ದರದ್ದು: 5 ಆಂಪಿಯರಿನಂತೆ 20 ಗಂಟೆ ಕೊಟ್ಟು 10.5 ವೋಲ್ಟ್‌ಗೆ ಇಳಿಯಬೇಕು. ಒಂದು ಬ್ಯಾಟರಿ ಹದಿನಾರೂವರೆ ಗಂಟೆಗೆ ಇಳಿಯಿತು, ಇನ್ನೊಂದು ಹನ್ನೆರಡು ಗಂಟೆಗೇ ಇಳಿಯಿತು. ಎರಡೂ ಸೇರಿ 142 ಆಂಪಿಯರ್-ಗಂಟೆ. (ಬ್ಯಾಟರಿಯನ್ನು ಇಷ್ಟು ಆಳಕ್ಕೆ ಇಳಿಸುವುದೇ ಅದಕ್ಕೆ ಪೆಟ್ಟು, ಆದ್ದರಿಂದ ಈ ಪರೀಕ್ಷೆಯನ್ನು ಪದೇಪದೇ ಮಾಡಬಾರದು, ಮುಗಿದ ಕೂಡಲೇ ಪುನಃ ತುಂಬಿಸಬೇಕು.) ಹೆಚ್ಚು ಸವೆದಿದ್ದ ಬ್ಯಾಟರಿಯ ಮೇಲೆಯೇ ವಾಹನದ ಧನ, ಋಣ ತಂತಿಗಳೆರಡೂ ಕೂತಿದ್ದವು, ಎರಡನೆಯದು ಅದಕ್ಕೆ ತೆಳುವಾದ ಕೊಂಡಿತಂತಿಯಿಂದ ಜೋತುಬಿದ್ದಿತ್ತು. ಹೀಗಿದ್ದಾಗ ಮೊದಲನೆಯದೇ ಹೆಚ್ಚು ದುಡಿಯುತ್ತದೆ. ಧನವನ್ನು ಒಂದರಿಂದ, ಋಣವನ್ನು ಇನ್ನೊಂದರಿಂದ ತೆಗೆದುಕೊಂಡರೆ ಎರಡರ ಮೇಲೂ ಭಾರ ಸಮನಾಗಿ ಬೀಳುತ್ತದೆ. ಅದಕ್ಕೆ ಬೇಕಾದದ್ದು ಒಂದು ಸ್ಪ್ಯಾನರ್, ಹತ್ತು ನಿಮಿಷ.

ಸೀಸ-ಆಮ್ಲ ಬ್ಯಾಟರಿಯನ್ನು ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದಂದಿನಿಂದಲೂ ಅದರ ಸ್ವಭಾವ ಒಂದೇ. ಖರ್ಚಾಗುವಾಗ ಎರಡೂ ಬಗೆಯ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕಟ್ಟಿಕೊಳ್ಳುತ್ತದೆ, ತುಂಬುವಾಗ ಅದು ಕರಗುತ್ತದೆ. ಖಾಲಿಯಾದ ಮೇಲೆ ತಡಮಾಡದೆ ತುಂಬಿಸಿದರೆ ಆ ಸಲ್ಫೇಟಿನ ಹರಳು ನಯವಾಗಿರುತ್ತದೆ, ಪೂರ್ತಿ ಕರಗುತ್ತದೆ. ವಾರಗಟ್ಟಲೆ ಅರೆಬರೆ ತುಂಬಿದ ಸ್ಥಿತಿಯಲ್ಲೇ ಬಿಟ್ಟರೆ ಹರಳು ಬೆಳೆದು ಗಟ್ಟಿಯಾಗಿ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗದೆ ತಟ್ಟೆಯ ಆ ಭಾಗವನ್ನು ನಿಷ್ಪ್ರಯೋಜಕವಾಗಿಸುತ್ತದೆ. ಈ ಬ್ಯಾಟರಿಗಳಿಗೆ ಆಗಿದ್ದುದು ಅದೇ. ಶಿಬಿರಗಳ ನಡುವಿನ ವಾರಗಳಲ್ಲಿ ವಾಹನ ಸೂರಿನಡಿ ನಿಲ್ಲುತ್ತಿತ್ತು, ಫಲಕಕ್ಕೆ ಬಿಸಿಲಿರಲಿಲ್ಲ, ಮನೆಯ ವಿದ್ಯುತ್ತಿಗೂ ಜೋಡಿಸುತ್ತಿರಲಿಲ್ಲ. ದಾರಿಯಲ್ಲಿ ಓಡುವಾಗ ತುಂಬಿಕೊಳ್ಳುತ್ತದಲ್ಲ ಎಂಬುದು ಅವರ ನಂಬಿಕೆಯಾಗಿತ್ತು.

ಆ ನಂಬಿಕೆಯನ್ನೂ ಅಳೆದೆವು. ಎಂಜಿನ್ ಓಡುವಾಗ ಆಲ್ಟರ್ನೇಟರ್‌ನ ಟರ್ಮಿನಲ್‌ನಲ್ಲಿ 14.2 ವೋಲ್ಟ್ ಇತ್ತು, ಹಿಂಬದಿಯ ಬ್ಯಾಟರಿಯ ಕಂಬಗಳಲ್ಲಿ 13.4. ನಡುವೆ ಹೋಗಿಬರುವ ಒಟ್ಟು 10 ಮೀಟರ್ ತಂತಿ, ಅಡ್ಡಕೊಯ್ತ 6 ಚದರ ಮಿಲಿಮೀಟರ್. ತಾಮ್ರದ ರೋಧವನ್ನು ಲೆಕ್ಕ ಹಾಕಿದರೆ 20 ಆಂಪಿಯರ್ ಹರಿಯುವಾಗ ಆ ತಂತಿಯಲ್ಲೇ 0.57 ವೋಲ್ಟ್ ಕಳೆದುಹೋಗುತ್ತದೆ, ಉಳಿದದ್ದು ಫ್ಯೂಸ್ ಹೋಲ್ಡರ್, ರಿಲೇ ಮತ್ತು ತಂತಿಯ ತುದಿಯ, ಹಸಿರುಗಟ್ಟಿದ್ದ ಒಂದು ಲೋಹದ ಲಗ್‌ನಲ್ಲಿ ಹೋಗುತ್ತಿತ್ತು. 0.8 ವೋಲ್ಟ್ ಕೇಳಲು ಅಲ್ಪವೆನಿಸುತ್ತದೆ. ಆದರೆ ಈ ಬ್ಯಾಟರಿ ತುಂಬಬೇಕಾದರೆ 14.4ರಿಂದ 14.7 ವೋಲ್ಟ್ ಬೇಕು, 13.4ರಲ್ಲಿ ಮೂರು ಗಂಟೆ ಓಡಿದರೆ ಮುಕ್ಕಾಲು ಭಾಗದ ಆಸುಪಾಸಿನಲ್ಲಿಯೇ ಅದು ನಿಂತುಬಿಡುತ್ತದೆ.

ಸೌರ ಕಂಟ್ರೋಲರ್ ಕೂಡ ಅದನ್ನು ತುಂಬಲು ಬಿಡುತ್ತಿರಲಿಲ್ಲ. ಅದರ ಸೆಟ್ಟಿಂಗ್ ಜೆಲ್ ಎಂಬ ಬೇರೆ ಬಗೆಯ ಬ್ಯಾಟರಿಗೆ ಇತ್ತು, 14.1 ವೋಲ್ಟ್ ಮುಟ್ಟಿದ ಕೂಡಲೇ ಪ್ರವಾಹ ಇಳಿಸುತ್ತಿತ್ತು. ಅದೂ ಅಲ್ಲದೆ ಅದನ್ನು ಚಾವಣಿಯ ಹತ್ತಿರದ ಕಪಾಟಿನಲ್ಲಿ ಕೂರಿಸಿ, ಅಲ್ಲಿಂದ ಬ್ಯಾಟರಿಗೆ ತೆಳುತಂತಿ ಎಳೆದಿದ್ದರಿಂದ, ಕಂಟ್ರೋಲರ್ ತನ್ನ ಬಾಯಲ್ಲಿ 14.1 ಕಾಣುವಾಗ ಬ್ಯಾಟರಿಯಲ್ಲಿ 13.8 ಮಾತ್ರ ಇರುತ್ತಿತ್ತು. ಹೀಗೆ ಮೂರು ದಾರಿಗಳೂ, ಅಂದರೆ ರಸ್ತೆ, ಬಿಸಿಲು, ಮನೆ, ಒಂದೊಂದು ಕಾರಣಕ್ಕೆ ಮುಚ್ಚಿಹೋಗಿದ್ದವು. ಶಿಬಿರಕ್ಕೆ ಬಂದಿಳಿದ ಮಧ್ಯಾಹ್ನ ಅದರಲ್ಲಿದ್ದದ್ದು 142ರ ಮುಕ್ಕಾಲು ಭಾಗ, ಸುಮಾರು 105 ಆಂಪಿಯರ್-ಗಂಟೆ. ಸಂಜೆಯವರೆಗಿನ ಚೂರು ಬಿಸಿಲನ್ನು ಸೇರಿಸಿ, ಮರುಬೆಳಗಿನ ತನಕದ ಖರ್ಚನ್ನು ಕಳೆದರೆ ಉಳಿಯುವುದು ನಲವತ್ತೊಂದು. ಆ ಹೊತ್ತಿನ ಲೋಡನ್ನೂ ಗಣಿಸಿದರೆ ನೋಟ್‌ಪುಸ್ತಕದ 11.8ಕ್ಕೆ ಅದು ಸುಮಾರಾಗಿ ಹೊಂದುತ್ತದೆ.

ಮೂರನೆಯ ಬ್ಯಾಟರಿಯ ಪ್ರಶ್ನೆಗೆ ಇಲ್ಲಿಯೇ ಉತ್ತರ ಸಿಕ್ಕಿತು. ನಲ್ಲಿಯಲ್ಲಿ ನೀರು ಬರದಿರುವಾಗ ಇನ್ನೊಂದು ಕೊಡ ತಂದಿಟ್ಟು ಫಲವಿಲ್ಲ. ಸಾಲದ್ದಕ್ಕೆ, ಸವೆದ ಎರಡರ ಜೊತೆ ಹೊಸದೊಂದನ್ನು ಸಮಾನಾಂತರವಾಗಿ ಕಟ್ಟಿದರೆ ಹೊಸದು ಅವೆರಡರ ಭಾರವನ್ನೂ ಹೊತ್ತು ಬೇಗ ಅವುಗಳ ದಾರಿಯನ್ನೇ ಹಿಡಿಯುತ್ತದೆ.

ಕೊನೆಯ ಐದನೆಯ ಒಂದು ಭಾಗ

ಮಾಡಿದ ಬದಲಾವಣೆಗಳಿಗೆ ಹೋಗುವ ಮೊದಲು ಒಂದು ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲ ನಿರ್ಧಾರಗಳೂ ಅದರ ಮೇಲೆ ನಿಂತಿವೆ. ಸೀಸ-ಆಮ್ಲ ಬ್ಯಾಟರಿ ಸುಮಾರು 80 ಶೇಕಡಾವರೆಗೆ ಕೊಟ್ಟಷ್ಟು ಪ್ರವಾಹವನ್ನು ಗಬಗಬನೆ ತೆಗೆದುಕೊಳ್ಳುತ್ತದೆ. ಅಲ್ಲಿಂದಾಚೆಗೆ ವೋಲ್ಟೇಜನ್ನು ಎತ್ತರದಲ್ಲಿ ಹಿಡಿದಿಟ್ಟರೂ ಅದು ಒಳಗೆ ಬಿಟ್ಟುಕೊಳ್ಳುವ ಪ್ರವಾಹ ತಾನಾಗಿಯೇ ಇಳಿಯುತ್ತ ಹೋಗುತ್ತದೆ, ಕೊನೆಯ 20 ಶೇಕಡಾಕ್ಕೆ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಪ್ರವಾಹ ಬ್ಯಾಟರಿಯ ಗಾತ್ರದ ನೂರರಲ್ಲಿ ಒಂದೆರಡು ಪಾಲಿಗೆ ಇಳಿದಾಗ ತುಂಬಿತೆನ್ನಬಹುದು. ಈ ಕೊನೆಯ ಹಂತವನ್ನು ಅವಸರಪಡಿಸಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಆದ್ದರಿಂದ ಅದಕ್ಕಾಗಿ ಎಂಜಿನ್ನನ್ನೋ ಜನರೇಟರನ್ನೋ ಗಂಟೆಗಟ್ಟಲೆ ಓಡಿಸುವುದು ಇಂಧನವನ್ನು ಸುಟ್ಟಂತೆಯೇ ಸರಿ. ನಿಧಾನವಾಗಿ, ಸದ್ದಿಲ್ಲದೆ, ಗಂಟೆಗಟ್ಟಲೆ ಸಣ್ಣ ಪ್ರವಾಹ ಕೊಡಬಲ್ಲದ್ದು ಬಿಸಿಲು ಮಾತ್ರ. ಎಂಜಿನ್ ಅಥವಾ ಜನರೇಟರ್ ಬಳಸಲೇಬೇಕಾದರೆ ಬೆಳಗ್ಗೆ, ಬ್ಯಾಟರಿ ತೀರ ಕೆಳಗಿರುವಾಗ ಬಳಸಿ, ಮೇಲಿನ ಭಾಗವನ್ನು ಮಧ್ಯಾಹ್ನದ ಬಿಸಿಲಿಗೆ ಬಿಡಬೇಕು. ಹೆಚ್ಚಿನವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಜನರೇಟರ್ ತಿರುಗಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ತಲೆಕೆಳಗಾದ ಕ್ರಮ. ಜನರೇಟರ್‌ನ 12 ವೋಲ್ಟ್ ಕಿಂಡಿಯಿಂದ ನೇರವಾಗಿ ತುಂಬಿಸಲು ಹೋಗುವುದಕ್ಕಿಂತ, ಅದರ ಮನೆಬಳಕೆಯ ಕಿಂಡಿಗೆ ಸರಿಯಾದ ಬಹುಹಂತದ ಚಾರ್ಜರ್ ಜೋಡಿಸುವುದು ಮೇಲು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತೆರೆದ ಕಿಟಕಿಯ ಬಳಿ ಜನರೇಟರನ್ನಾಗಲಿ, ನಿಂತಲ್ಲೇ ಓಡುವ ಎಂಜಿನ್ನನ್ನಾಗಲಿ ಇಡಲೇಬಾರದು.

ನಿಂತಲ್ಲೇ ಎಂಜಿನ್ ಓಡಿಸಿದ ಆ ಬೆಳಗಿನ ಒಂದು ಗಂಟೆಯಲ್ಲಿ ಏನಾಯಿತೆಂದು ನಾವು ಪುನಃ ಮಾಡಿ ನೋಡಿದೆವು. ನಿಧಾನಗತಿಯಲ್ಲಿ ಆಲ್ಟರ್ನೇಟರ್ ತನ್ನ ಶಕ್ತಿಯ ಒಂದು ಪಾಲನ್ನಷ್ಟೇ ಕೊಡುತ್ತದೆ, ಆ ತೆಳುತಂತಿಯನ್ನು ದಾಟಿ ಬ್ಯಾಟರಿಗೆ ಸೇರಿದ್ದು 14 ಆಂಪಿಯರ್-ಗಂಟೆ.

ಬದಲಾವಣೆಗಳು

ಮೊದಲು ಖರ್ಚನ್ನು ಇಳಿಸಿದೆವು, ಏಕೆಂದರೆ ಉಳಿಸಿದ ಆಂಪಿಯರ್-ಗಂಟೆಯಷ್ಟು ಅಗ್ಗವಾದದ್ದು ಬೇರೆ ಯಾವುದೂ ಇಲ್ಲ. ಲ್ಯಾಪ್‌ಟಾಪಿಗೆ 12 ವೋಲ್ಟ್‌ನಿಂದಲೇ ಓಡುವ ಅಡಾಪ್ಟರ್ ತಂದದ್ದರಿಂದ ಇನ್ವರ್ಟರ್ ಶಾಶ್ವತವಾಗಿ ಆರಿತು. ಫ್ರಿಜ್‌ನ ಹಿಂಬದಿಯಲ್ಲಿ ಬಿಸಿಗಾಳಿ ಹೊರಹೋಗಲು ದಾರಿಯೇ ಇರಲಿಲ್ಲ. ಕೆಳಗೊಂದು ಮೇಲೊಂದು ಜಾಲರಿಯ ಕಿಂಡಿ ಕೊರೆದು, ತಂಪು ಕೊಂಚ ಕಡಿಮೆಯಾಗುವಂತೆ ಥರ್ಮೋಸ್ಟಾಟನ್ನು ಒಂದು ಗೆರೆ ಇಳಿಸಿದಾಗ ಕಂಪ್ರೆಸರ್ ಓಡುವ ಹೊತ್ತು ಕಾಲು ಭಾಗದಷ್ಟು ಕಡಿಮೆಯಾಗಿ 48 ಇದ್ದದ್ದು 36 ಆಯಿತು. ದಿನದ ಒಟ್ಟು ಖರ್ಚು 66ಕ್ಕೆ ಬಂತು. ಸುಖಕ್ಕೆ ಕುಂದಾಗುವ ಯಾವುದನ್ನೂ ಬಿಡಬೇಕಾಗಲಿಲ್ಲ.

ಚಾವಣಿಯ ಫಲಕಗಳನ್ನು ಸರಣಿಯಲ್ಲಿ ಜೋಡಿಸಿ, ಪಿಡಬ್ಲ್ಯೂಎಂ ತೆಗೆದು ಎಂಪಿಪಿಟಿ ಬಗೆಯ ಕಂಟ್ರೋಲರ್ ಹಾಕಿದೆವು. ಇದು ಫಲಕವನ್ನು ಅದರ ಅತ್ಯುತ್ತಮ ವೋಲ್ಟೇಜಿನಲ್ಲಿ ದುಡಿಸಿ, ಹೆಚ್ಚಿನ ವೋಲ್ಟೇಜನ್ನು ಹೆಚ್ಚಿನ ಪ್ರವಾಹವಾಗಿ ಬದಲಿಸಿ ಬ್ಯಾಟರಿಗೆ ಕೊಡುತ್ತದೆ. ನಾಲ್ಕು ಅರ್ಧಗಳಲ್ಲಿ ಒಂದು ನೆರಳಿಗೆ ಸಿಕ್ಕಿ ಬೈಪಾಸ್ ಆದರೂ ಉಳಿದ ಮೂರು 27 ವೋಲ್ಟ್ ಕೊಡುವುದರಿಂದ ಚಾರ್ಜ್ ನಿಲ್ಲುವುದಿಲ್ಲ. ಲೋಡ್ ಇಲ್ಲದಾಗ ಪ್ರತಿ ಫಲಕ 22 ವೋಲ್ಟ್ ತಲುಪುತ್ತದೆ, ಚಳಿಯಲ್ಲಿ ಇನ್ನೂ ಹೆಚ್ಚು; ಆದ್ದರಿಂದ ಎರಡರ ಮೊತ್ತಕ್ಕಿಂತ ಸಾಕಷ್ಟು ಹೆಚ್ಚು ತಾಳುವ, 75 ವೋಲ್ಟ್ ಮಿತಿಯ ಕಂಟ್ರೋಲರನ್ನೇ ಆರಿಸಿದೆವು. ಅದನ್ನು ಬ್ಯಾಟರಿಯ ಪಕ್ಕದಲ್ಲೇ ಕೂರಿಸಿ, ದಪ್ಪ ತಂತಿಯಿಂದ ಜೋಡಿಸಿ, 14.6 ವೋಲ್ಟ್‌ಗೆ ಹೊಂದಿಸಿ, ಬ್ಯಾಟರಿಯ ಮೈಗೆ ಉಷ್ಣತೆಯ ಸಂವೇದಕ ಅಂಟಿಸಿದೆವು. ಈ 14.6 ಎಂಬುದು 25 ಡಿಗ್ರಿಗೆ ಹೇಳಿದ ಅಂಕಿ. ಬ್ಯಾಟರಿ ಬಿಸಿಯಾದಂತೆ ಪ್ರತಿ ಡಿಗ್ರಿಗೆ ವೋಲ್ಟ್‌ನ ನೂರರಲ್ಲಿ ಎರಡು ಮೂರು ಪಾಲಿನಷ್ಟು ಇಳಿಸದಿದ್ದರೆ ಮುಚ್ಚಿದ ಬ್ಯಾಟರಿ ಒಳಗಿನ ನೀರನ್ನು ಕಳೆದುಕೊಂಡು ಒಣಗುತ್ತದೆ, ಅದನ್ನು ಮರಳಿ ತುಂಬಲು ದಾರಿಯಿಲ್ಲ.

ಮರದ ನೆರಳಿನ ಇಕ್ಕಟ್ಟಿಗೆ ಪರಿಹಾರ, ಇನ್ನೊಂದು 100 ವ್ಯಾಟ್‌ನ ಮಡಚುವ ಫಲಕ ಮತ್ತು 10 ಮೀಟರ್ ಉದ್ದದ ತಂತಿ. ವಾಹನ ನೆರಳಿನಲ್ಲಿ, ಫಲಕ ಬಿಸಿಲಿನಲ್ಲಿ, ಸೂರ್ಯನತ್ತ ವಾಲಿಸಿ, ದಿನಕ್ಕೆ ಮೂರು ಬಾರಿ ತಿರುಗಿಸಿ ಇಡುವುದು. ಇಂಥ ಫಲಕಗಳು ಹೆಚ್ಚಾಗಿ ಬೆನ್ನಿಗೇ ಕಂಟ್ರೋಲರ್ ಅಂಟಿಸಿಕೊಂಡು ಬರುತ್ತವೆ. ಅದನ್ನು ಕಳಚಿ ನಾವು ಬೇರೊಂದು ಸಣ್ಣ ಎಂಪಿಪಿಟಿಯನ್ನು ಬ್ಯಾಟರಿಯ ಬಳಿ ಇಟ್ಟೆವು. 4 ಚದರ ಮಿಲಿಮೀಟರ್ ತಂತಿಯಲ್ಲಿ ಹೋಗಿಬರುವ 20 ಮೀಟರಿಗೆ ಅರ್ಧ ವೋಲ್ಟ್ ಕಳೆಯುತ್ತದೆ. ಆ ನಷ್ಟ ಕಂಟ್ರೋಲರ್‌ಗೆ ಮೊದಲು, ಫಲಕದ 18 ವೋಲ್ಟ್‌ನಲ್ಲಿ ಆದರೆ ಗಮನಿಸುವಂಥದ್ದಲ್ಲ. ಕಂಟ್ರೋಲರ್ ಫಲಕದ ಬೆನ್ನಿನ ಮೇಲಿದ್ದು, ಅದೇ ಅರ್ಧ ವೋಲ್ಟ್ ಅದರ ಮತ್ತು ಬ್ಯಾಟರಿಯ ನಡುವೆ ಕಳೆದರೆ, ಚಾವಣಿಯ ಕಪಾಟಿನ ಹಳೆಯ ತಪ್ಪನ್ನೇ ಬೇರೆ ಜಾಗದಲ್ಲಿ ಮಾಡಿದಂತಾಗುತ್ತಿತ್ತು.

ರಸ್ತೆಯ ದಾರಿಗೆ ರಿಲೇ ತೆಗೆದು 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಹಾಕಿ, ತಂತಿಯನ್ನು 16 ಚದರ ಮಿಲಿಮೀಟರಿಗೆ ಏರಿಸಿ, ಎರಡೂ ತುದಿಗಳಲ್ಲಿ ಬ್ಯಾಟರಿಗಳಿಗೆ ಆದಷ್ಟು ಹತ್ತಿರದಲ್ಲಿ ಫ್ಯೂಸ್ ಇಟ್ಟೆವು. ಆಲ್ಟರ್ನೇಟರ್ ಎಷ್ಟೇ ಕೊಡಲಿ, ಈ ಚಾರ್ಜರ್ ಅದನ್ನು ಎತ್ತಿ ಬ್ಯಾಟರಿಗೆ ಬೇಕಾದ ವೋಲ್ಟೇಜನ್ನೇ ಒದಗಿಸುತ್ತದೆ. ಇಂಧನ ಉಳಿಸಲು ವೋಲ್ಟೇಜನ್ನು ತಾನೇ ಏರಿಳಿಸುವ ಈಚಿನ ಆಲ್ಟರ್ನೇಟರ್‌ಗಳಿರುವ ವಾಹನಗಳಲ್ಲಿ ಇದು ಇಲ್ಲದೆ ಸಾಗುವುದೇ ಇಲ್ಲ. ಋಣ ತಂತಿಯ ದಾರಿಯಲ್ಲಿ ಒಂದು ಷಂಟ್ (ಪ್ರವಾಹವನ್ನು ಅಳೆಯಲು ನೆರವಾಗುವ, ಅತ್ಯಲ್ಪ ರೋಧದ ಲೋಹದ ಪಟ್ಟಿ) ಕೂರಿಸಿ, ಒಳಬಂದ ಮತ್ತು ಹೊರಹೋದ ಪ್ರತಿ ಆಂಪಿಯರ್-ಗಂಟೆಯನ್ನೂ ಎಣಿಸುವ ಮೀಟರ್ ಜೋಡಿಸಲಾಯಿತು. ಮನೆಯಲ್ಲಿ ನಿಂತಿರುವಾಗ ತಿಂಗಳಿಗೊಮ್ಮೆ, ಮತ್ತು ಹೊರಡುವ ಹಿಂದಿನ ಎರಡು ದಿನ, ಮನೆಯ ವಿದ್ಯುತ್ತಿನ ಚಾರ್ಜರ್ ಕಡ್ಡಾಯವೆಂದು ಒಪ್ಪಿಕೊಂಡರು.

ಬ್ಯಾಟರಿಗಳನ್ನು ಮಾತ್ರ ಬದಲಿಸಬಾರದೆಂದು ನಾನೇ ಹಟ ಹಿಡಿದೆ. ಹೊಸ ಬ್ಯಾಟರಿ ಹಾಕಿ ಗೆದ್ದರೆ ಯಾವುದರಿಂದ ಗೆದ್ದೆವೆಂದು ತಿಳಿಯುವುದಿಲ್ಲ.

ಅದೇ ಬಯಲು, ಅದೇ ಬ್ಯಾಟರಿ

ಎರಡನೆಯ ಪ್ರಯಾಣಕ್ಕೆ ನಾನೂ ನನ್ನ ಟೆಂಟಿನೊಂದಿಗೆ ಹೋದೆ. ಮೊದಲ ದಿನ ಮಧ್ಯಾಹ್ನ ವಾಹನ ಬಂದು ನಿಂತಾಗ ಮೀಟರ್ 142ಕ್ಕೆ 142 ತೋರಿಸಿತು. ಮರುಬೆಳಗ್ಗೆ ಆರಕ್ಕೆ 107. ಎರಡನೆಯ ದಿನ ಚಾವಣಿಯಿಂದ 35, ಮಡಚುವ ಫಲಕದಿಂದ 24, ಚಾರ್ಜಿನ ನಷ್ಟ ಕಳೆದು ಒಟ್ಟು 59 ಬಂತು. ಮೂರನೆಯ ಬೆಳಗ್ಗೆ ನೂರು ಉಳಿದಿತ್ತು.

ಮೂರನೆಯ ದಿನ ಮೋಡ ಕವಿಯಿತು. ಮೂರು ಫಲಕಗಳೂ ಸೇರಿ ದಿನವಿಡೀ ಕೊಟ್ಟದ್ದು 22. ಹಾಗೆಯೇ ಬಿಟ್ಟಿದ್ದರೆ ಮರುಬೆಳಗ್ಗೆ 56ಕ್ಕೆ ಇಳಿದು ಅರ್ಧದ ಗೆರೆ ದಾಟುತ್ತಿತ್ತು. ಅರ್ಧಕ್ಕಿಂತ ಕೆಳಗಿಳಿಸಿದಷ್ಟೂ ಬ್ಯಾಟರಿಯ ಆಯುಷ್ಯ ಬೇಗ ಸವೆಯುತ್ತದೆ. ಹೇಗೂ ಕುಡಿಯುವ ನೀರು ತರಬೇಕಿತ್ತು. ಸಂಜೆ ಒಂದೂಕಾಲು ಗಂಟೆ ವಾಹನ ಓಡಿಸಿ ಬಂದೆವು. ಬ್ಯಾಟರಿ 80 ಶೇಕಡಾದ ಕೆಳಗಿದ್ದುದರಿಂದ ಚಾರ್ಜರ್ ದಾರಿಯುದ್ದಕ್ಕೂ ಹೆಚ್ಚುಕಡಿಮೆ ಪೂರ್ತಿ 30 ಆಂಪಿಯರನ್ನೂ ಒಳಗೆ ತಳ್ಳಿತು, ನಿವ್ವಳ 35 ಆಂಪಿಯರ್-ಗಂಟೆ ಸೇರಿತು. ಮೊದಲ ಸಲ ನಿಂತಲ್ಲೇ ಓಡಿಸಿದ ಒಂದು ಗಂಟೆಗೆ ಸಿಕ್ಕ ಹದಿನಾಲ್ಕರ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಬೇಕು. ನಾಲ್ಕನೆಯ ಬೆಳಗ್ಗೆ 91, ಮತ್ತೆ ಬಿಸಿಲಿನ ಒಂದು ದಿನ ಕಳೆದು ಐದನೆಯ ಬೆಳಗ್ಗೆ, ಹೊರಡುವ ಹೊತ್ತಿಗೆ, 84. ನಾಲ್ಕು ರಾತ್ರಿಗಳ ಬಳಿಕ, ಸವೆದ ಬ್ಯಾಟರಿಗಳಲ್ಲೇ, 59 ಶೇಕಡಾ ಉಳಿದಿತ್ತು.

ಈ ಅಂಕಿಗಳಲ್ಲಿ ಒಂದು ದೌರ್ಬಲ್ಯವಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ಆ ನಾಲ್ಕು ದಿನಗಳಲ್ಲಿ ಒಮ್ಮೆಯೂ ಬ್ಯಾಟರಿ ಪೂರ್ತಿ ತುಂಬಲಿಲ್ಲ; ಪ್ರತಿ ಬಿಸಿಲಿನ ದಿನವೂ ಏಳು ಆಂಪಿಯರ್-ಗಂಟೆಯಷ್ಟು ಕೊರತೆ ಉಳಿಯುತ್ತಲೇ ಇತ್ತು. ನಾಲ್ಕು ದಿನಕ್ಕೆ ಅದು ಸಲ್ಲುತ್ತದೆ, ಎರಡು ವಾರಕ್ಕೆ ಸಲ್ಲದು. ಅಷ್ಟು ದಿನ ಇರುವವರು ಇನ್ನೊಂದು ಫಲಕವನ್ನು ಸೇರಿಸಬೇಕು, ಇಲ್ಲವೇ ವಾರಕ್ಕೊಮ್ಮೆಯಾದರೂ ಎಲ್ಲಾದರೂ ವಿದ್ಯುತ್ ಸಂಪರ್ಕವಿರುವಲ್ಲಿ ಒಂದು ರಾತ್ರಿ ನಿಂತು ತುಂಬಿಸಿಕೊಳ್ಳಬೇಕು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಮಾತು ಬಂದದ್ದು ಈ ಹಂತದಲ್ಲಿ. ಅರೆಬರೆ ತುಂಬಿದ ಸ್ಥಿತಿಯಲ್ಲಿ ಇರುವುದು ಅದಕ್ಕೆ ಹಾನಿಯಲ್ಲ, ಕೊನೆಯ ಐದನೆಯ ಒಂದು ಭಾಗದ ದೀರ್ಘ ಕಾಯುವಿಕೆಯೂ ಅದಕ್ಕಿಲ್ಲ, 100 ಆಂಪಿಯರ್-ಗಂಟೆಯಲ್ಲಿ 80ಕ್ಕಿಂತ ಹೆಚ್ಚನ್ನು ನಿರ್ಭಯವಾಗಿ ಬಳಸಬಹುದು. ಹಾಗೆಂದು ಅದನ್ನು ಹಳೆಯ ವ್ಯವಸ್ಥೆಗೆ ನೇರ ಸಿಕ್ಕಿಸಿದ್ದರೆ ಬೇರೆ ಅನಾಹುತವಾಗುತ್ತಿತ್ತು: ಒಳರೋಧ ತೀರ ಕಡಿಮೆಯಿರುವ ಆ ಬ್ಯಾಟರಿ, ತಂತಿ ದಪ್ಪವಿದ್ದರೆ, ರಿಲೇ ಮೂಲಕ ಆಲ್ಟರ್ನೇಟರನ್ನು ಸುಡುವಷ್ಟು ಎಳೆಯಬಲ್ಲದು. ಡಿಸಿ-ಡಿಸಿ ಚಾರ್ಜರ್ ಆ ಎಳೆತಕ್ಕೆ ಮಿತಿ ಹಾಕುತ್ತದೆ. ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿದ್ದಾಗ ಅದನ್ನು ಚಾರ್ಜ್ ಮಾಡಿದರೆ ಒಳಗೆ ಲೋಹರೂಪದ ಲಿಥಿಯಂ ಕಟ್ಟಿಕೊಂಡು ಶಾಶ್ವತ ಹಾನಿಯಾಗುತ್ತದೆ, ಹೆಪ್ಪುಗಟ್ಟುವ ಚಳಿಯಲ್ಲಿ ತಂಗುವವರು ಆಗ ಚಾರ್ಜನ್ನು ತಾನೇ ತಡೆಯುವ ಅಥವಾ ತಾನೇ ಬೆಚ್ಚಗಾಗುವ ಬ್ಯಾಟರಿಯನ್ನೇ ಕೊಳ್ಳಬೇಕು. ಅದರ ವೋಲ್ಟೇಜ್ ಬಹುತೇಕ ಕೊನೆಯವರೆಗೂ 13ರ ಆಸುಪಾಸಿನಲ್ಲೇ ಚಪ್ಪಟೆಯಾಗಿ ನಿಲ್ಲುವುದರಿಂದ, ಗೋಡೆಯ ವೋಲ್ಟ್‌ಮೀಟರ್ ಅಲ್ಲಿ ಏನನ್ನೂ ಹೇಳದು, ಷಂಟ್ ಇಲ್ಲದೆ ಕಣ್ಣು ಕಟ್ಟಿದಂತೆ.

ಸ್ನೇಹಿತರು ಇನ್ನೂ ಕೊಂಡಿಲ್ಲ. ಆರು ತಿಂಗಳ ನಂತರ, ತಿಂಗಳಿಗೊಮ್ಮೆ ತಪ್ಪದೆ ಪೂರ್ತಿ ತುಂಬಿಸಿದ ಮೇಲೆ, ಬಲ್ಬುಗಳ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದೆವು. ಹದಿನಾರೂವರೆ ಗಂಟೆ ಓಡಿದ್ದ ಬ್ಯಾಟರಿ ಹದಿನೇಳು ಗಂಟೆ ಓಡಿತು, ಹನ್ನೆರಡರದು ಹದಿಮೂರಕ್ಕೆ ಸ್ವಲ್ಪ ಮೊದಲು ನಿಂತಿತು. ಗಟ್ಟಿಯಾದ ಹರಳಿನಲ್ಲಿ ಕರಗಬಹುದಾದದ್ದು ಅಷ್ಟು ಮಾತ್ರ, ಉಳಿದದ್ದು ಹೋದದ್ದೇ. ಎರಡನೆಯದು ಹತ್ತು ಗಂಟೆಗೆ ಇಳಿದ ದಿನ ಎರಡನ್ನೂ ಒಟ್ಟಿಗೆ ತೆಗೆದು ಒಂದು ಲಿಥಿಯಂ ಬ್ಯಾಟರಿ ಹಾಕುವುದೆಂದು ತೀರ್ಮಾನವಾಗಿದೆ. ಆಗ ಎಲ್ಲ ಚಾರ್ಜರುಗಳ ಸೆಟ್ಟಿಂಗ್ ಬದಲಿಸಿ, ಷಂಟ್ ಮೀಟರಿಗೆ ಹೊಸ ಗಾತ್ರ ತಿಳಿಸಿ, ಉಷ್ಣತೆಗೆ ತಕ್ಕಂತೆ ವೋಲ್ಟೇಜ್ ಇಳಿಸುವ ಏರ್ಪಾಟನ್ನು ನಿಲ್ಲಿಸಬೇಕು, ತಂತಿಗಳನ್ನು ಮುಟ್ಟಬೇಕಿಲ್ಲ. ನೋಟ್‌ಪುಸ್ತಕದಲ್ಲಿ ಈಗ ದಿನಕ್ಕೆ ಒಂದೇ ಸಾಲು ಇರುತ್ತದೆ, ಬೆಳಗ್ಗೆ ಆರು ಗಂಟೆಯದು.